ಮೂವರಿಗೆ ಗೊತ್ತಿದ್ದ ಹೆಸರು

ಅಣ್ಣ ಕಣ್ಣು ಮುಚ್ಚುವ ತನಕ ನಾನು ಅವನಿಗೆ ಒಂದು ಮಾತು ಹೇಳಲಿಲ್ಲ. ಹೇಳಲು ಸಮಯ ಸಿಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಕೊನೆಯ ವರ್ಷಗಳಲ್ಲಿ ಅವನು ನನ್ನ ಮನೆಯಲ್ಲೇ ಇದ್ದ, ನಾನು ಬಡಿಸಿದ್ದನ್ನೇ ಉಂಡ. ನನಗೆ ಬಾಯಿ ಇತ್ತು. ತೆರೆಯಲಿಲ್ಲ.

ಅವನನ್ನು ನೆನೆದರೆ ಮೊದಲು ಕಾಣುವುದು ಬಲಗೈಯ ಬೆರಳುಗಳು. ತುದಿಗಳಲ್ಲಿ ಛಾಪಖಾನೆಯ ಮಸಿಯ ಕಪ್ಪು, ಆ ಕಪ್ಪಿನ ಮೇಲೆ ಖಡುವಿನ ಬಿಳಿ. ಬೆಳಗಾವಿಯ ಒಂದು ಸಣ್ಣ ಖಾಸಗಿ ಶಾಲೆಯಲ್ಲಿ ಅವನು ಕನ್ನಡ ಮಾಸ್ತರ. ಸೀಮೆಎಣ್ಣೆ ಹಚ್ಚಿ ತಿಕ್ಕಿದರೂ ಹೋಗದ ಮಸಿಯನ್ನು ಮುಚ್ಚಲು, ಹಲಗೆಯ ಮೇಲೆ ಬರೆಯುವ ಖಡುವನ್ನು ಪುಡಿ ಮಾಡಿ ಅದರಲ್ಲಿ ಬೆರಳು ಹೊರಳಿಸಿಕೊಂಡು ಶಾಲೆಗೆ ಹೋಗುತ್ತಿದ್ದ. ಮಾಸ್ತರನ ಕೈಗೆ ಖಡು ಹತ್ತಿದ್ದರೆ ಯಾರು ಕೇಳುತ್ತಾರೆ? ಆ ಬಿಳಿಯ ಕೆಳಗೆ ಒಂದು ಕಾದಂಬರಿ ಅಡಗಿತ್ತು.

ರವಿವಾರ ಪೇಟೆಯಲ್ಲಿ ಬೆಲ್ಲದ ಅಂಗಡಿಯೊಂದರ ಅಟ್ಟದ ಮೇಲೆ ಅವನ ಬಿಡಾರ. ಅತ್ತಿಗೆ ಪ್ಲೇಗಿನಲ್ಲಿ ತೀರಿಕೊಂಡ ಮೇಲೆ ಮತ್ತೆ ಮದುವೆಯಾಗಲಿಲ್ಲ. ಒಳಗಿನ ಅಂಗಿ ಹರಿದಿರುತ್ತಿದ್ದರಿಂದ ಬೇಸಿಗೆಯಲ್ಲೂ ಕೋಟಿಗೆ ಕೊರಳ ತನಕ ಗುಂಡಿ. ಬರೆಯುವ ಒಂದೊಂದು ವಾಕ್ಯವನ್ನೂ ಅಡ್ಡಾಡುತ್ತ ಗಟ್ಟಿಯಾಗಿ ಹೇಳಿ ನೋಡುತ್ತಿದ್ದ. ಉಸಿರು ಸಾಲದಿದ್ದರೆ ವಾಕ್ಯವನ್ನು ಅಲ್ಲಿಗೇ ಕಡಿಯುತ್ತಿದ್ದ. ಕೆಳಗಿನಿಂದ ಬೆಲ್ಲದ ಅಂಗಡಿಯವನು ಕೂಗುತ್ತಿದ್ದ: "ಮಾಸ್ತರ, ಯಾರ ಸಂಗಟ ಜಗಳ ನಡಸೀರಿ?" ಅಣ್ಣ ಮೇಲಿನಿಂದ, "ಪ್ರಧಾನಮಂತ್ರಿ ಸಂಗಟ. ನೀವು ನಿಮ್ಮ ಬೆಲ್ಲದ ಇರವಿ ಕಾಯ್ಕೊಂಡು ಕುಂದರ್ರಿ" ಎನ್ನುತ್ತಿದ್ದ.

ನಾನು ಕಲಿತದ್ದು ಮೂರನೆಯ ಇಯತ್ತೆ. ಮುಂದಿನದನ್ನೆಲ್ಲ ಕಲಿಸಿದವನು ಅವನೇ, ಬೈದು ಬೈದು. "ಖೋಡಿ, ಒತ್ತಕ್ಷರಾ ನುಂಗಬ್ಯಾಡ" ಎನ್ನುತ್ತಿದ್ದ. ಖೋಡಿ ಎಂದರೆ ನಾನು. ಅವನ ಬಾಯಲ್ಲಿ ನನಗೆ ಬೇರೆ ಹೆಸರೇ ಇರಲಿಲ್ಲ.

ಅವನ ಕಾದಂಬರಿಯಲ್ಲಿ ಒಂದು ಹಳೆಯ ರಾಜಧಾನಿ. ರಾಜ ಸತ್ತಿದ್ದಾನೆ, ಮಗ ಸಣ್ಣವನು. ಕೋಟೆಯ ಗೋಡೆ ಉದುರುತ್ತಿದೆ, ಮಗ್ಗಗಳು ನಿಂತಿವೆ, ಜನ ಗಂಟು ಕಟ್ಟಿಕೊಂಡು ಊರು ಬಿಡುತ್ತಿದ್ದಾರೆ. ಮಂತ್ರಿಗಳು ಮಾತ್ರ ಒಬ್ಬರ ಆಸನ ಒಬ್ಬರು ಎಳೆಯುವುದರಲ್ಲಿ ಮಗ್ನರು. ಅವರಲ್ಲಿ ಮಹಾಪ್ರಧಾನನೊಬ್ಬ. ಕೋಟೆಯವರ ಮುಂದೆ ಒಂದು ಮಾತು, ಪೇಟೆಯವರ ಮುಂದೆ ಒಂದು ಮಾತು. ನೇಕಾರರ ಓಣಿಯ ಜಾಗ ತನ್ನ ಭಾವಮೈದುನನಿಗೆ ಬೇಕೆಂದು, ಅವರ ಒಂದೇ ಬಾವಿಯಲ್ಲಿ ರೋಗವಿದೆ ಎಂದು ಸುದ್ದಿ ಹಬ್ಬಿಸಿ ಅದನ್ನು ಮುಚ್ಚಿಸುತ್ತಾನೆ. ಮುಚ್ಚುವ ಮೊದಲು ಸಭೆ ಕೂಡುತ್ತದೆ. "ವಿರೋಧವಿದ್ದವರು ಏಳಬಹುದು" ಎನ್ನುತ್ತಾನೆ ಮಹಾಪ್ರಧಾನ. ಒಬ್ಬನ ಕಾಲಿಗೆ ಜೋಮು ಹಿಡಿದಿದೆ. ಒಬ್ಬ ಶಲ್ಯದ ಅಂಚು ಹುಡುಕುತ್ತಿದ್ದಾನೆ. ಒಬ್ಬನಿಗೆ ಸರಿಯಾಗಿ ಆಗಲೇ ಕೆಮ್ಮು. ಯಾರೂ ಏಳುವುದಿಲ್ಲ. ಬಾವಿ ಮುಚ್ಚಿಹೋಗುತ್ತದೆ.

ಕತೆ ಹಳೆಯ ಕಾಲದ್ದು. ಮುಖ ಮಾತ್ರ ನಮ್ಮ ಕಾಲದ್ದು. ಅಣ್ಣನ ಶಾಲೆಯ ಮಂಡಳಿಗೆ ಮುಖ್ಯಸ್ಥರಾಗಿದ್ದವರು ಒಬ್ಬ ವಕೀಲರು. ಊರಲ್ಲಿ ದೊಡ್ಡ ಅಧಿವೇಶನ ನಡೆದಾಗ ಖಾದಿ ಟೊಪ್ಪಿಗೆಯಲ್ಲಿ ಮುಂದಿನ ಸಾಲಿನಲ್ಲಿ ಕೂತರು. ಪೆಂಡಾಲಿನ ಗೂಟ ಕೀಳುವ ಮೊದಲೇ ರೇಶಿಮೆ ರುಮಾಲು ಸುತ್ತಿಕೊಂಡು ಗೋರಾ ಸಾಹೇಬರ ಬಂಗಲೆಗೆ ಹೋಗಿ ಬಂದರು. ಆ ಮನುಷ್ಯನ ಮುಖವನ್ನೇ ಅಣ್ಣ ಮಹಾಪ್ರಧಾನನಿಗೆ ಹಚ್ಚಿದ್ದ. ಹಾಗಾಗಿ ಪುಸ್ತಕದ ಮೇಲೆ ಹೆಸರಿರಲಿಲ್ಲ. "ಒಬ್ಬ ಊರವನು ಬರೆದದ್ದು" ಎಂದಷ್ಟೇ ಇತ್ತು.

ಅಚ್ಚು ಹಾಕಿದವನು ಅಣ್ಣನ ಬಾಲ್ಯದ ಗೆಳೆಯ. ಮನೆಮಾತು ಮರಾಠಿ; ಮದುವೆಯ ಪತ್ರಿಕೆ, ಅಂಗಡಿಯ ಜಾಹೀರಾತು ಅಚ್ಚು ಮಾಡುವ ಸಣ್ಣ ಛಾಪಖಾನೆ ಅವನದು. ಕನ್ನಡ ಅಕ್ಷರವನ್ನು ಅವನು ಕಲಿತದ್ದು ಸೀಸದ ಮೊಳೆಗಳಿಂದ, ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿದ ಅಕ್ಷರಗಳಿಂದ. "ಸರಳ ಅಕ್ಷರ ನನಗ ಕಾಡತಾವ, ತಂಗಿ. ತಿರುವಿ ಮುರುವಿ ಇದ್ರ ಲಗೂ ಓದತೀನಿ. ನಿಮ್ಮಣ್ಣನೂ ಹಂಗ, ತಿರುವಿ ಮುರುವಿ" ಎಂದು ನನ್ನನ್ನು ನಗಿಸುತ್ತಿದ್ದ. ಆಳುಗಳು ಮನೆಗೆ ಹೋದ ಮೇಲೆ ಬಾಗಿಲು ಹಾಕಿಕೊಂಡು ಇಬ್ಬರೇ ಮೊಳೆ ಜೋಡಿಸಿದರು. ಅಚ್ಚಾದ ಹಾಳೆಗಳನ್ನು ಅಕ್ಕಿಯ ಚೀಲದಲ್ಲಿ ತುಂಬಿ, ಅವನೇ ಹೊತ್ತುಕೊಂಡು ರೈಲಿನಲ್ಲಿ ಖಾನಾಪುರಕ್ಕೆ ತಂದ. ಖಾನಾಪುರ ನನ್ನ ಗಂಡನ ಊರು. ನಮ್ಮವರು ಜಂಗಲ್ ಖಾತೆಯಲ್ಲಿ ಗುಮಾಸ್ತರು, ಹೆಚ್ಚಾಗಿ ತಿರುಗಾಟದಲ್ಲಿ. ಹಿತ್ತಿಲಲ್ಲಿ ಕೂತು ಹಾಳೆ ಮಡಚಿ ಹೊಲಿದವಳು ನಾನು. ಅರಿವೆಯ ಸೂಜಿ ಮುರಿಯಿತು, ಗೋಣಿ ಹೊಲಿಯುವ ದಬ್ಬಣ ಹಿಡಿದೆ. ಪುಟ ತಪ್ಪಬಾರದೆಂದು ಓದುತ್ತ ಹೊಲಿದೆ. ಬಾವಿಯ ಸಭೆ ನನಗೆ ಬಾಯಿಪಾಠವಾಯಿತು.

ಹೀಗೆ ಬರೆದವನ ಹೆಸರು ಮೂವರಿಗೆ ಗೊತ್ತಿತ್ತು. ಅಣ್ಣನಿಗೆ, ಅವನ ಗೆಳೆಯನಿಗೆ, ನನಗೆ.

ಪುಸ್ತಕ ಊರಲ್ಲಿ ಓಡಾಡಿತು. ಎಲ್ಲರಿಗಿಂತ ಹೆಚ್ಚು ನಕ್ಕವರು ವಕೀಲರೇ. ಮಹಾಪ್ರಧಾನನೆಂದರೆ ಚುನಾವಣೆಯಲ್ಲಿ ತಮ್ಮ ಎದುರಾಳಿ ಎಂದು ಅವರು ತಿಳಿದಿದ್ದರು! ಪ್ರತಿಗಳನ್ನು ಕೊಂಡು ಹಂಚಿದರು ಕೂಡ. ಅಣ್ಣ ಇದನ್ನು ಹೇಳುವಾಗ ನಗು ತಡೆಯಲಾರದೆ ಗೋಡೆ ಹಿಡಿದುಕೊಳ್ಳುತ್ತಿದ್ದ. ಅವನು ಅಷ್ಟು ನಕ್ಕದ್ದನ್ನು ನಾನು ಮುಂದೆಂದೂ ನೋಡಲಿಲ್ಲ.

ಮರುವರ್ಷ ಚೈತ್ರದಲ್ಲಿ ನಾನು ತವರಿಗೆಂದು ಅಣ್ಣನಲ್ಲಿಗೆ ಬಂದಿದ್ದೆ. ಟಿಳಕವಾಡಿಯ ವಕೀಲರ ಹೊಸ ಬಂಗಲೆಯಲ್ಲಿ ಚೈತ್ರಗೌರಿಯ ಅರಿಷಿಣ-ಕುಂಕುಮ. ಮಾಸ್ತರರ ಮನೆಯವರಿಗೂ ಕರೆ ಬಂತು. ದೊಡ್ಡವರ ಮನೆಯ ಹೆಂಗಸರು ಜಮಖಾನೆಯ ಮೇಲೆ, ನಮ್ಮಂಥವರು ಬಾಗಿಲ ಬದಿಯ ಚಾಪೆಯ ಮೇಲೆ. ಅವರಿಗೆ ಬೆಳ್ಳಿಯ ಲೋಟದಲ್ಲಿ ಪಾನಕ, ನಮಗೆ ಹಿತ್ತಾಳೆಯದರಲ್ಲಿ. ವಕೀಲರ ಸೊಸೆ ಪುಸ್ತಕ ತಂದು ಬಾವಿಯ ಸಭೆಯನ್ನು ಓದಿದಳು. ಚೆನ್ನಾಗಿ ಓದಿದಳು, ಸುಳ್ಳೇಕೆ? ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು.

"ಯಾರೋ ಪುಣೆದಾಗ ಕಲ್ತವರು ಬರದಿರಬೇಕು" ಎಂದಳು ಒಬ್ಬಳು.

ವಕೀಲರ ಹೆಂಡತಿ ಬೀಸಣಿಕೆಯನ್ನು ನನ್ನ ಕಡೆ ತೋರಿಸಿದಳು. "ಏ ಮಾಸ್ತರ ತಂಗಿ, ನಿಮ್ಮಣ್ಣಗ ಒಂದೀಟು ಓದಿ ತೋರಸವಾ. ಕನ್ನಡಾ ಹಿಂಗ ಬರೀಬೇಕು ಅನ್ನು. ಹುಡುಗರ ಜಾರಿದ ಚಣ್ಣಾ ಏರಿಸೂದ್ರಾಗ ಜನ್ಮಾ ಹೋತು, ಪಾಪ."

ಮತ್ತೆ ನಗು. ಕೋಸಂಬರಿಯ ಎಲೆಯನ್ನು ಚಾಪೆಯ ಮೇಲಿಟ್ಟೆ.

"ಅವಗ ತೋರಿಸೂದ್ಯಾಕ್ರಿ?" ಎಂದೆ. "ಬರದಾವನ ಅವ."

ನಗು ನಿಂತಿತು. ಆ ನಿಂತ ನಗು ನನಗೆ ಎಷ್ಟು ರುಚಿಯಾಗಿತ್ತು ಎಂದು ಇಂದು ಬರೆಯಲು ನಾಚಿಕೆಯಾಗುತ್ತದೆ. ಉಡಿಯಲ್ಲಿ ತುಂಬಿದ್ದ ಕಡಲೆಯನ್ನು ಸೆರಗಿಗೆ ಕಟ್ಟಿಕೊಂಡು, ರಾಣಿಯ ಹಾಗೆ ನಡೆದು ಮನೆಗೆ ಬಂದೆ.

ಎರಡು ದಿನ ಬಿಟ್ಟು ವಕೀಲರು ಅಣ್ಣನನ್ನು ಕರೆಸಿದರು. ಬರೆದವನು ತಮ್ಮದೇ ಶಾಲೆಯ ಮಾಸ್ತರ ಎಂದು ತಿಳಿದ ಮೇಲೆ ಅವರಿಗೆ ತಮ್ಮ ಮುಖ ತಮಗೆ ಕಂಡಿತ್ತು. ಅಣ್ಣ ಬಂದು ನನಗೆ ಹೇಳಿದ್ದು ಇಷ್ಟು. ವಕೀಲರು ಸಕ್ಕರೆಯಂಥ ದನಿಯಲ್ಲಿ, "ನಾ ಬರದಿಲ್ಲ ಅಂತ ಒಂದು ಮಾತು ಅಂದುಬಿಡ್ರಿ ಮಾಸ್ತರ, ಮುಗದುಹೋತು" ಎಂದರಂತೆ. ಅಣ್ಣ, "ಬರದೀನ್ರಿ" ಎಂದನಂತೆ. ಹೊರಡುವಾಗ ವಕೀಲರು ಅಂದರಂತೆ: "ಹೊರಗಿನವರು ಯಾರೂ ಹೇಳಿಲ್ಲ ನನಗ. ನಿಮ್ಮ ಒಳಗಿನವರಿಂದನ ಬಂದದ್ದು." ಹೇಳಿದವರು ಯಾರೆಂದು ಬಾಯಿ ಬಿಡಲಿಲ್ಲ. ಗೊತ್ತಿತ್ತೋ ಇಲ್ಲವೋ. ಅಡುಗೆಮನೆಯ ಸುದ್ದಿ ಪಡಸಾಲೆಗೆ ಬರುವಷ್ಟರಲ್ಲಿ ಹೇಳಿದವಳ ಹೆಸರು ಉದುರಿಹೋಗಿರುತ್ತದೆ.

ಕೆಲಸ ಹೋಯಿತು. ಕಾರಣವಾಗಿ ಬರೆದದ್ದು: ಮಾಸ್ತರರು ಶಾಲೆಗೆ ತಡವಾಗಿ ಬರುತ್ತಾರೆ. ಗಡಿಯಾರದ ಮೊದಲು ಶಾಲೆಯಲ್ಲಿರುತ್ತಿದ್ದ ಮನುಷ್ಯ! ಸಹಿ ಮಾಡಿದ ಮಂಡಳಿಯವರು ಯಾರಾದರೂ ಎದ್ದು ನಿಂತರೇ? ಅವರ ಕಾಲಿಗೂ ಜೋಮು ಹಿಡಿದಿರಬೇಕು.

ಸುದ್ದಿ ಕೇಳಿ ಗೆಳೆಯ ಓಡಿ ಬಂದ. ನಾನು ಗೋಡೆಗೆ ಆತು ಕೂತು ಅಣ್ಣನ ಕೋಟಿಗೆ ಗುಂಡಿ ಹಚ್ಚುತ್ತಿದ್ದೆ. ಅಣ್ಣ ಅವನನ್ನು ಕೂಡು ಎನ್ನಲಿಲ್ಲ.

"ಈ ಮಾತು ಇಬ್ಬರಿಗೆ ಗೊತ್ತಿತ್ತು" ಎಂದ. "ನನಗ, ನಿನಗ. ನಾ ಹೇಳಿಲ್ಲ."

ಗೆಳೆಯ ಅವನನ್ನೇ ನೋಡಿದ. "ಇಬ್ಬರಿಗೇನ?"

"ಮತ್ತ ಯಾರಿಗೆ? ಈ ಗ್ವಾಡಿಗೇನು?"

ಗೆಳೆಯ ಗೋಡೆಯ ಕಡೆ ತಿರುಗಿದ. ಗೋಡೆಯ ಬುಡದಲ್ಲಿ ನಾನಿದ್ದೆ. ನನ್ನ ಕೈಯ ಸೂಜಿಯನ್ನು ನೋಡಿದ, ಆಮೇಲೆ ನನ್ನ ಮುಖವನ್ನು. ಅವನಿಗೆ ತಿಳಿಯಿತು. ನಾನು ಹೇಳಲಿ ಎಂದು ಕಾದ. ನಾನು ದಾರವನ್ನು ಹಲ್ಲಿನಿಂದ ಕಡಿದೆ. ಅದೇ ಹೊತ್ತಿಗೆ ನನಗೆ ಆ ಕೆಲಸ.

"ಇನ್ನ ನನ್ನ ಹೊಸ್ತಿಲಾ ತುಳೀಬ್ಯಾಡ" ಎಂದ ಅಣ್ಣ.

"ಬರಂ, ಆಗ್ಲಿ" ಎಂದು ಗೆಳೆಯ ಟೊಪ್ಪಿಗೆ ತಲೆಗಿಟ್ಟುಕೊಂಡು ಇಳಿದುಹೋದ. ನನ್ನ ಹೆಸರು ಹೇಳಿದ್ದರೆ ಅವನ ಮೇಲಿನ ಅಪವಾದ ಅಲ್ಲೇ ಕಳೆಯುತ್ತಿತ್ತು. ಅವನು ಹೇಳಲಿಲ್ಲ.

ಸಂಜೆ ಜೊತೆಯ ಮಾಸ್ತರೊಬ್ಬರು ಬಂದು, "ಮರಾಠಿಯವನ್ನ ನಂಬಿದ್ರಿ, ಅನುಭವಸ್ರಿ" ಎಂದರು. ಹಿಂದೆ ಯಾರಾದರೂ ಇಂಥ ಮಾತು ಎತ್ತಿದರೆ ಅಣ್ಣ ಅವರನ್ನು ಮೆಟ್ಟಿಲಿಳಿಸಿ ಬರುತ್ತಿದ್ದ. ಅಂದು ಸುಮ್ಮನೆ ಕೂತ. ಆ ಮೌನವನ್ನು ಅವನಿಗೆ ಕಲಿಸಿದವಳು ನಾನು.

ನನಗೆ ಸಿಟ್ಟಿದೆ. ಪಾನಕ ಕುಡಿಸಿ ಹೊಟ್ಟೆಯ ಮೇಲೆ ಹೊಡೆದ ಆ ಬಂಗಲೆಯ ಮೇಲೆ ಸಿಟ್ಟು. ಮರಾಠಿ ಎಂಬ ಒಂದು ಶಬ್ದ ಸಿಕ್ಕಿದ್ದೇ ವಿಚಾರ ಮುಗಿಸಿದ ಜನರ ಮೇಲೆ ಸಿಟ್ಟು. ಹೇಳಲೇಬೇಕು, ಅಣ್ಣನ ಮೇಲೂ ಸಿಟ್ಟು. ಇಬ್ಬರಿಗೆ ಎಂದನಲ್ಲ! ಬೆರಳು ಚುಚ್ಚಿಸಿಕೊಂಡು ಅವನ ಪುಸ್ತಕ ಹೊಲಿದವಳು ಅವನ ಲೆಕ್ಕಕ್ಕೆ ಬರಲಿಲ್ಲ. ನಂಬಿಕೆಯಿಂದ ನನ್ನನ್ನು ಬಿಟ್ಟನೋ, ಹೆಣ್ಣುಮಗಳು ಎಂದು ಎಣಿಸುವುದನ್ನೇ ಮರೆತನೋ? ಈ ಸಿಟ್ಟನ್ನು ಎಷ್ಟೋ ದಿನ ನನ್ನ ಮೌನಕ್ಕೆ ನೆಪ ಮಾಡಿಕೊಂಡೆ. ಆಗಲೇ "ಮೂವರು" ಎಂದು ಎದ್ದು ನಿಲ್ಲುವುದನ್ನು ಯಾರು ತಡೆದಿದ್ದರು?

ಅಣ್ಣ ನನ್ನ ಜೊತೆ ಖಾನಾಪುರಕ್ಕೆ ಬಂದ. ಹಂಚಿನ ಭಟ್ಟಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿತು. ಬೆರಳಿಗೆ ಈಗ ಕೆಂಪು ಮಣ್ಣು. ಆ ವರ್ಷ ಮಳೆಗಾಲ ಮುಗಿದ ಮೇಲೆ ಬೆಳಗಾವಿಯ ರೈಲಿನಲ್ಲಿ ಒಂದು ಕಟ್ಟು ಬಂತು. ಬಿಚ್ಚಿದರೆ ಬರೀ ಖಾಲಿ ಹಾಳೆ, ಅಂಚು ಸಮ ಕತ್ತರಿಸಿದ ಒಳ್ಳೆಯ ಹಾಳೆ. ಕಳಿಸಿದವನು ಯಾರೆಂದು ಕೇಳಬೇಕಾಗಿರಲಿಲ್ಲ. ಮತ್ತೊಂದು ಬರೆ ಎಂದು ಅದರ ಅರ್ಥ.

"ಒಲಿಗೆ ಹಾಕು" ಎಂದ ಅಣ್ಣ.

"ಛಲೋ ಹಾಳಿ ಅದಾವಲ್ಲೋ."

"ಮನಿಮುರುಕನ ಹಾಳಿ. ಹಾಕಂದ್ರ ಹಾಕು."

ಹಾಕಿದೆ. ಅಂದಿನ ಅನ್ನ ಆ ಬೆಂಕಿಯಲ್ಲೇ ಬೆಂದಿತು. ಮರುವರ್ಷವೂ ಕಟ್ಟು ಬಂತು, ಅದರ ಮರುವರ್ಷವೂ. ಅಣ್ಣನ ಮೊದಲ ಕಾದಂಬರಿ ಎಂದು ಈಗ ಕೆಲವರು ಹೊಗಳುತ್ತಾರೆ. ಎರಡನೆಯದಿದ್ದರಲ್ಲವೇ ಮೊದಲನೆಯದು? ಎರಡನೆಯದನ್ನು ನಾನು ಒಲೆಗೆ ಹಾಕಿದೆ.

ಆಮೇಲೆ ಅವನಿಗೆ ಎದೆಯ ರೋಗ ಹತ್ತಿತು. ಉಸಿರು ಸಾಲದ ಕಡೆ ವಾಕ್ಯ ಕಡಿಯುತ್ತಿದ್ದವನು, ಕೊನೆಗೆ ಎರಡು ಶಬ್ದಕ್ಕೊಮ್ಮೆ ಕಡಿಯಬೇಕಾಯಿತು. "ಅವ... ಹಂಗ್ಯಾಕ... ಮಾಡಿದ... ಖೋಡಿ?" ಎಂದು ಒಂದು ಮಧ್ಯಾಹ್ನ ಕೇಳಿದ. ನಾನು ಅವನ ಬೆನ್ನು ನೀವುತ್ತಿದ್ದೆ. ಈಗ ಹೇಳಿದರೆ ಈ ಉಸಿರೂ ನಿಂತೀತು ಎಂದು ನನಗೆ ನಾನೇ ಹೇಳಿಕೊಂಡೆ. "ಮಾತಾಡಬ್ಯಾಡ, ಮಕ್ಕೋ" ಎಂದೆ. ಅವನು ಮಲಗಿದ. ಆ ವಾರದಲ್ಲೇ ಹೋದ.

ಸುದ್ದಿ ಕೇಳಿ ಮರುದಿನ ಬೆಳಗಿನ ರೈಲಿಗೆ ಛಾಪಖಾನೆಯ ಗೆಳೆಯ ಬಂದ. ಅಂಗಳದಲ್ಲಿ ಗಂಡಸರು ಬಿದಿರು ಕಟ್ಟುತ್ತಿದ್ದರು. ಅವನು ಒಳಗೆ ಬರಲಿಲ್ಲ. ಟೊಪ್ಪಿಗೆ ಕೈಯಲ್ಲಿ ಹಿಡಿದು ರಸ್ತೆಯ ಮೇಲೆ ನಿಂತ. ಹೊಸ್ತಿಲು ತುಳಿಯಬೇಡ ಎಂದವನು ಸತ್ತು ಮಲಗಿದ್ದರೂ ಆ ಮಾತನ್ನು ಮೀರಲಿಲ್ಲ. ಅಂಗಳದಲ್ಲಿ ಯಾರೋ, "ಇವನ ಅಲ್ಲೇನು ಮಾಸ್ತರ ಅನ್ನಾ ಕಳದಾಂವ? ಯಾವ ಮಾರಿ ಹೊತ್ಕೊಂಡು ಬಂದಾನೋ" ಎಂದರು. ಅವನಿಗೂ ಕೇಳಿಸಿತು. ತಲೆ ತಗ್ಗಿಸಿ ನಿಂತೇ ಇದ್ದ.

ನಾನು ಎದ್ದೆ. ಹೆಂಗಸರು ಸೆರಗು ಹಿಡಿದು ಎಳೆದರು. ಬಿಡಿಸಿಕೊಂಡು ಅಂಗಳ ದಾಟಿ ರಸ್ತೆಗೆ ಹೋದೆ.

"ಒಳಗ ಹೋಗು ತಂಗಿ" ಎಂದ ಅವನು ಮೆಲ್ಲಗೆ. "ಜನಾ ನೋಡಾಕತ್ತೈತಿ. ನನಗ ಅವತ್ತ ಗೊತ್ತಾಗೈತಿ."

"ನಿಮಗ ಗೊತ್ತಿದ್ರ ಸಾಲೂದಿಲ್ರಿ" ಎಂದೆ. ಬಿದಿರು ಕಟ್ಟುವವರ ಕೈ ನಿಂತಿತು. ನಾನು ಮನೆಯ ಕಡೆ ತಿರುಗಿ, ಒಳಗೆ ಮಲಗಿಸಿದ್ದ ಅಣ್ಣನ ತನಕ ಮುಟ್ಟುವ ಹಾಗೆ ದನಿ ಎತ್ತಿದೆ.

"ಎಲ್ಲಾರೂ ಕೇಳ್ರಿ. ಇವರು ಹೇಳಿಲ್ಲ. ಹೆಸರು ಮೂರು ಮಂದಿಗೆ ಗೊತ್ತಿತ್ತು, ಹೇಳಿದಾಕಿ ನಾನು. ಅಣ್ಣಾ, ಹೇಳಿದಾಕಿ ನಿನ್ನ ಖೋಡಿ. ತಪ್ಪಾತೋ. ತಪ್ಪಾತ್ರೀ."