ತಿದ್ದಿಸಿಕೊಂಡು ಹಾಡುವ ಶಂಭುಲಿಂಗ

ವಿರೂಪಾಕ್ಷಿಪುರದ ಸುತ್ತಮುತ್ತ ಯಾರ ಮನೆಯಲ್ಲಿ ತಿಥಿಯಾದರೂ ಊಟವಾದ ಮೇಲೆ ಪರಮಶಿವಯ್ಯನವರ ಭಜನೆ ತಂಡ ಕೂರಲೇಬೇಕು. ಹಾರ್ಮೋನಿಯಂ ಅವರದೇ, ಮೊದಲ ದನಿಯೂ ಅವರದೇ. ಹಿಂದೆ ಕೂತು ತಾಳ ಹಾಕುತ್ತಾ ದನಿ ಸೇರಿಸುತ್ತಿದ್ದವನು ನಮ್ಮ ಬೀದಿಯ ಶಂಭುಲಿಂಗ. ಬೆಳಿಗ್ಗೆ ರೇಷ್ಮೆಗೂಡು ತುಂಬಿದ ಟೆಂಪೋ ಓಡಿಸಿಕೊಂಡು ರಾಮನಗರದ ಮಾರ್ಕೆಟ್ಟಿಗೆ ಹೋಗುತ್ತಾನೆ, ಮಧ್ಯಾಹ್ನ ವಾಪಸು ಬಂದರೆ ಭಜನೆ. ಮದುವೆಗೆ ಮುಂಚಿನಿಂದಲೂ ಹೀಗೇ.

ಅವನ ತಲೆ ಕೆಡಿಸಿದ್ದು ಕೆಂಪಯ್ಯನ ಹೆಂಡತಿ. ಬಾವಿಗೆ ಬಿದ್ದ ಬಿಂದಿಗೆ ಎತ್ತಿಕೊಡುತ್ತಿದ್ದ ಮನುಷ್ಯ ಕೆಂಪಯ್ಯ. ಅವನ ತಿಥಿಯ ದಿನ ಆಯಮ್ಮ ಎಲೆ ಅಡಿಕೆ ಕೊಡುತ್ತಾ, "ಪದವೆಲ್ಲ ಚೆಂದಾಗಿದ್ವು ಕಣಪ್ಪ. ಆದ್ರೆ ಅದ್ರಲ್ಲಿ ನಮ್ಮ ಯಜಮಾನ್ರು ಎಲ್ಲೂ ಬರ್ನಿಲ್ವಲ್ಲ?" ಅಂದಳು.

ಆ ಮಾತು ಶಂಭುಲಿಂಗನ ಕಿವಿಯಲ್ಲಿ ಉಳಿದುಬಿಟ್ಟಿತು. ಸತ್ತವರು ಯಾರೇ ಆಗಲಿ, ಹಾಡುವುದು ಅದೇ: ಕಾಯ ಮಣ್ಣು, ಸಂಸಾರ ಸುಳ್ಳು. ಮುಂದಿನ ತಿಥಿಯಲ್ಲಿ ಒಂದು ಪದದ ಕೊನೆಗೆ ತಾನೇ ಕಟ್ಟಿದ ನಾಲ್ಕು ಸಾಲು ಸೇರಿಸಿ ಹಾಡಿದ. ಸತ್ತ ಮುದುಕ ದಿನಾ ಸೈಕಲ್ಲು ತಳ್ಳಿಕೊಂಡು ಹೋಗುತ್ತಿದ್ದನೇ ಹೊರತು ಅದನ್ನು ಹತ್ತಿದ್ದು ಯಾರೂ ಕಂಡಿರಲಿಲ್ಲ. ಆ ನಾಲ್ಕು ಸಾಲೂ ಆ ಸೈಕಲ್ಲಿನ ಬಗ್ಗೆಯೇ. ಕೂತಿದ್ದವರು ಕಣ್ಣೊರೆಸಿಕೊಂಡು ನಕ್ಕರು. ಪರಮಶಿವಯ್ಯ ಹಾರ್ಮೋನಿಯಂ ನಿಲ್ಲಿಸಿದರು.

"ಹಿರೀಕರು ಕಟ್ಟಿದ ಪದಕ್ಕೆ ಬಾಲ ಅಂಟಿಸ್ತೀಯೇನ್ಲಾ?"

"ಅಣ್ಣೋ, ಹಿರೀಕರೂ ಒಂದಿನ ಹೊಸದಾಗೇ ಕಟ್ಟಿರ್ತಾರಲ್ವಾ?"

"ಹಂಗಾರೆ ಒಬ್ನೇ ಕೂತು ಹಾಡ್ಕೊ ಹೋಗು, ಒಂಟಿ ಹುಂಜದಂಗೆ. ಯಾರು ಕರೀತಾರೋ ನಾನೂ ನೋಡ್ತೀನಿ. ವಾಪಸ್ ಬಂದ್ರೆ ತಾಳ ಇಲ್ಲೇ ಐತೆ, ಬಾಯಿ ಮಾತ್ರ ತೆಗೀಬಾರ್ದು."

ಶಂಭುಲಿಂಗ ತಾಳ ಅಲ್ಲೇ ಇಟ್ಟು ಎದ್ದು ಬಂದ. ಚನ್ನಪಟ್ಟಣದಿಂದ ಒಂದು ದಮ್ಮಡಿ ತಂದ. ಒಂದು ಕೈಯಲ್ಲಿ ಹಿಡಿದು ಇನ್ನೊಂದರಲ್ಲಿ ಬಡಿಯುವ ಚರ್ಮದ ವಾದ್ಯ ಅದು, ಒಂಟಿ ಆಳಿಗೆ ಸಾಕು. ಹಿತ್ತಿಲಲ್ಲಿ ಕೂತು ಪದ ಕಟ್ಟುತ್ತಿದ್ದ. ಆದರೆ ಯಾರೂ ಕರೆಯಲಿಲ್ಲ. ಶ್ರಾವಣ ಹೋಯಿತು, ದೀಪಾವಳಿ ಹೋಯಿತು. "ಬಾಯ್ಮುಚ್ಕೊಂಡು ತಾಳ ಹಾಕಿದ್ರೆ ನಿಮ್ಗೇನು ಕಮ್ಮಿ ಆಗ್ತಿತ್ತು? ನಿಮ್ ದನಿ ಕೇಳಿ ನಾಯಿನೂ ಎದ್ದೋಗ್ತದೆ" ಅಂತ ಹೆಂಡತಿ ಸೌಮ್ಯ ಆಡಿಕೊಂಡಳು.

ಕೊನೆಗೆ ಕರೆದವನು ಬಿಡದಿಯ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ರುದ್ರಪ್ರಸಾದ್. ಅವನ ತಾಯಿ ಬಸವಲಿಂಗಮ್ಮ ತೀರಿಕೊಂಡಿದ್ದಳು. ತಂಡದವರು ಆ ದಿನ ಕನಕಪುರದ ಕಡೆ ಒಪ್ಪಿಕೊಂಡುಬಿಟ್ಟಿದ್ದರು, ಅದಕ್ಕೇ ಇವನು. ಶಂಭುಲಿಂಗನಿಗೂ ಅದು ಗೊತ್ತಿತ್ತು. ಇಲ್ಲಿ ಕೆಟ್ಟ ಹೆಸರು ಬಂದರೆ ಇನ್ನು ಯಾರೂ ಕರೆಯುವುದಿಲ್ಲ. ಪರಮಶಿವಯ್ಯನವರ ಹಿಂದೆ ಬಾಯಿ ಮುಚ್ಚಿಕೊಂಡು ಕೂರುವುದೇ ಗತಿ.

ಮಗನನ್ನು ಕೇಳಿದರೆ, "ನಮ್ಮವ್ವ ದೇವ್ರಂಥೋಳು" ಅಂದ. ಅಷ್ಟರಲ್ಲಿ ಪದ ಹುಟ್ಟುತ್ತದೆಯೇ? ಬೀದಿಯವರನ್ನು ಕೇಳಿದ. ಎಲ್ಲರ ಬಾಯಲ್ಲೂ ಒಂದೇ ಮಾತು: ವಾರಗಿತ್ತಿ ಪುಟ್ಟಗೌರಮ್ಮನ ಜೊತೆಗಿನ ಜಗಳ. ಅಣ್ಣ ತಮ್ಮ ಪಾಲಾದಾಗ ಹಿತ್ತಿಲಿನ ನಡುವೆ ಒಂದು ಮೋಟುಗೋಡೆ ಎದ್ದಿತು. ಒರಳುಕಲ್ಲನ್ನೂ ಬಸವಲಿಂಗಮ್ಮ ಕೊಡಲಿಲ್ಲವಂತೆ, ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಹೇಳಲೇಬೇಕಾದ್ದು ಇದ್ದರೆ ಒಬ್ಬಳು ತನ್ನ ಎಮ್ಮೆಗೆ ಗಟ್ಟಿಯಾಗಿ ಹೇಳುವಳು, ಇನ್ನೊಬ್ಬಳು ತನ್ನ ಎಮ್ಮೆಗೆ ಉತ್ತರ ಕೊಡುವಳು.

ತಿಥಿಯ ದಿನ ಊಟ ಮುಗಿದು ಜನ ಶಾಮಿಯಾನದ ಕೆಳಗೆ ಕೂತರು. ಪುಟ್ಟಗೌರಮ್ಮನೂ ಬಂದಿದ್ದಳು, ಒಂದು ಮೂಲೆ ಹಿಡಿದಿದ್ದಳು. ಶಂಭುಲಿಂಗ ದಮ್ಮಡಿ ಬಡಿದು ಶುರು ಮಾಡಿದ. ಬಸವಲಿಂಗಮ್ಮನ ರಾಗಿಹೊಲ ಬಂತು, ಎಮ್ಮೆ ಬಂತು, ಜನ ತಲೆಯಾಡಿಸಿದರು. ಆಮೇಲೆ ಈ ಸಾಲು ಬಂತು:

ಒರಳುಕಲ್ಲ ಕೊಡಲಿಲ್ಲ, ಒಂದು ಮಾತ ಆಡಲಿಲ್ಲ,
ಗೋಡೆಯಾಚೆ ವಾರಗಿತ್ತಿ ಕಾಯುತಿದ್ದಳು.

ರುದ್ರಪ್ರಸಾದ್ ಎದ್ದು ನಿಂತ. "ಏನಣ್ಣ ಇದು? ಸತ್ತೋಳ ಮರ್ವಾದೆ ಕಳೆಯಕ್ಕೆ ನಿನ್ನ ಕರ್ಸಿದ್ನಾ? ನಿಲ್ಸು."

ಮೂಲೆಯಿಂದ ಪುಟ್ಟಗೌರಮ್ಮ, "ನೀನು ಕೂತ್ಕೊಳ್ಳಾ ರುದ್ರ" ಅಂದಳು. "ಲೋ ಶಂಭು, ತಪ್ಪು ಹಾಡ್ತಿದ್ದೀಯ. ಒರಳು ಅವಳತ್ರ ಎಲ್ಲಿತ್ತು? ಒರಳು ನನ್ನ ಪಾಲಿಗೆ ಬಂತು, ರುಬ್ಬೋ ಗುಂಡು ಅವಳ ಪಾಲಿಗೆ. ಪಾಲು ಮಾಡಕ್ಕೆ ಕೂತಿದ್ದ ಗಂಡಸ್ರು ಒಂದಿನಾನಾದ್ರೂ ರುಬ್ಬಿದ್ರೆ ತಾನೇ ಗೊತ್ತಾಗೋದು!"

ಹೆಂಗಸರ ಕಡೆ ನಗು ಎದ್ದಿತು. ಶಂಭುಲಿಂಗ ದಮ್ಮಡಿ ಕೆಳಗಿಡದೆ, "ಹಂಗಾರೆ ಇಬ್ರೂ ರುಬ್ಬಂಗಿರ್ಲಿಲ್ವಾ ದೊಡ್ಡವ್ವ?" ಅಂತ ಕೇಳಿದ.

"ಹಬ್ಬ ಬಂದ್ರೆ ಗುಂಡು ತಂದು ಗೋಡೆ ಮ್ಯಾಲೆ ಮಡಗ್ತಿದ್ಲು. ನಾನು ಎತ್ಕೊಂಡೋಗಿ ಇಬ್ರಿಗೂ ಆಗೋವಷ್ಟು ರುಬ್ತಿದ್ದೆ. ಅವಳ ಪಾಲಿನ ಹಿಟ್ಟು ಬೋಸಿಗೆ ಬಳಿದು ಗುಂಡಿನ ಜೊತೆ ಅಲ್ಲೇ ಮಡಗ್ತಿದ್ದೆ. ಮಾತಾಡ್ಲಿಲ್ಲ ಅನ್ನೋದೊಂದು ದಿಟ, ಅದನ್ನ ಬೇಕಾರೆ ಹಾಡ್ಕೊ." ಆಮೇಲೆ ದನಿ ತಗ್ಗಿಸಿ, "ಮಿಕ್ಸಿ ಬಂದ ಮ್ಯಾಲೆ ಅದೂ ನಿಂತೋಯ್ತು" ಅಂದಳು.

ರುದ್ರಪ್ರಸಾದನಿಗೆ ಇದು ಯಾವುದೂ ಗೊತ್ತಿರಲಿಲ್ಲ. ಕೂತುಕೊಂಡ. ಶಂಭುಲಿಂಗ ತಲೆ ಬಗ್ಗಿಸಿ ಬೆರಳಲ್ಲಿ ದಮ್ಮಡಿ ತಟ್ಟುತ್ತಾ ತಟ್ಟುತ್ತಾ ಮತ್ತೆ ಎತ್ತಿಕೊಂಡ:

ಒರಳು ಆಚೆ ಮನೆಯಲ್ಲಿ, ಗುಂಡು ಈಚೆ ಮನೆಯಲ್ಲಿ,
ಮೋಟುಗೋಡೆ ಮ್ಯಾಲೆ ಕೂತು ಹಬ್ಬ ಬಂತಲ್ಲ.

"ಈಗ ಸರಿ" ಅಂದಳು ಪುಟ್ಟಗೌರಮ್ಮ. ಸೆರಗು ಬಾಯಿಗೆ ಹೋಯಿತು. ರುದ್ರಪ್ರಸಾದ್ ಎದ್ದು ಹೋಗಿ ಅವಳ ಪಕ್ಕ ಕೂತ.

ಈಗ ಶಂಭುಲಿಂಗನನ್ನು ಮಾಗಡಿಯಿಂದ, ಸೋಲೂರಿನಿಂದಲೂ ಕರೆಯುತ್ತಾರೆ. ಶುರು ಮಾಡುವ ಮುಂಚೆ, "ತಪ್ಪಿದ್ರೆ ನಿಲ್ಸಿ ತಿದ್ದಿ" ಅನ್ನುತ್ತಾನೆ, ಜನ ತಿದ್ದುತ್ತಾರೆ. ಒಂದೊಂದು ಕಡೆ ಒಂದು ಸಾಲಿಗೆ ಅಣ್ಣತಮ್ಮಂದಿರು ಜಗಳಕ್ಕೆ ನಿಂತು ಪದ ಅರ್ಧಕ್ಕೇ ನಿಂತದ್ದೂ ಉಂಟು. ಪರಮಶಿವಯ್ಯ ಇನ್ನೂ ಮಾತಾಡಿಸಿಲ್ಲ. ಅವನಿಗೆ ತಾಳ ನಿಲ್ಲುವುದಿಲ್ಲ ಅನ್ನುತ್ತಾರಂತೆ. ಅದು ಸುಳ್ಳೇನಲ್ಲ.

ಬಸವಲಿಂಗಮ್ಮನ ತಿಥಿಯಾದ ವಾರಕ್ಕೆ ಪುಟ್ಟಗೌರಮ್ಮ ಅವನನ್ನು ಜಗಲಿಗೆ ಕರೆಸಿಕೊಂಡಳು.

"ನನ್ನ ಪದ ಈಗ್ಲೇ ಕಟ್ಬುಡು ಮಗಾ."

"ಯಾಕ್ ದೊಡ್ಡವ್ವ, ಇಷ್ಟು ಅವಸರ? ಗುಂಡುಕಲ್ಲಿನಂಗಿದ್ದೀಯ."

"ನಾನು ಸತ್ತ ಮ್ಯಾಲೆ ನೀನು ತಪ್ಪು ಹಾಡ್ತೀಯ. ತಿದ್ದಕ್ಕೆ ಅವಳೂ ಇಲ್ಲ."

ಶಂಭುಲಿಂಗ ಕೂತ. ಆ ಪದ ಇನ್ನೂ ಮುಗಿದಿಲ್ಲ. ಅವನು ಹೋಗಿ ಹಾಡಿ ತೋರಿಸಿದಾಗಲೆಲ್ಲ ಅವಳು ಎಲ್ಲೋ ಒಂದು ಕಡೆ ತಪ್ಪು ಹಿಡಿದು, ಟೀ ಕೊಟ್ಟು ಕಳಿಸುತ್ತಾಳೆ.