ಉಜ್ಜಿದ ನಾಣ್ಯ

ಅಚ್ಚುಕೂಟದಲ್ಲಿ ಚಿತ್ರಗಳನ್ನು ಸ್ಕ್ಯಾನ್ ಮಾಡುತ್ತ ತಲೆ ನರೆಸಿಕೊಂಡ ಅಕ್ಕನಿಗೆ ಬೀದಿಯವರು ಇಟ್ಟ ಹೆಸರು ಸಿಡುಕಿ. ಹೆಸರಿಗೆ ಮೋಸವಾಗದಂತೆಯೇ ಅವಳು ನಡೆದುಕೊಂಡಳು. ಹಾಲಿನವನಿಂದ ಹಿಡಿದು ಸೋದರತ್ತೆಯವರೆಗೆ ಅವಳ ಬಾಯಿಗೆ ಬೀಳದವರಿರಲಿಲ್ಲ. ಆದರೂ ತಮ್ಮನ ಮೇಲಿದ್ದಷ್ಟು ಸಿಟ್ಟು ಇನ್ನಾರ ಮೇಲೂ ಇರಲಿಲ್ಲ. ಅಪ್ಪ ಜೀವಮಾನವಿಡೀ ಕೂಡಿಟ್ಟ ಹಳೆಯ ನಾಣ್ಯಗಳ ಡಬ್ಬಿಯನ್ನು, ಅವರು ತೀರಿಕೊಂಡ ವಾರವೇ "ನಾನು ಜೋಪಾನ ಮಾಡ್ತೀನಿ" ಎಂದು ಕಂಕುಳಲ್ಲಿಟ್ಟುಕೊಂಡು ಹೋದವನು ಅವನು.

ಅಂಥವನು ಒಂದು ಮಧ್ಯಾಹ್ನ ಅದೇ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ನಾಣ್ಯಗಳ ಚಿತ್ರದ ಆಲ್ಬಮ್ ಮಾಡಿ ನೆಂಟರಿಗೆ ಹಂಚಲು ಹೊಸ ತೆಳು ಸ್ಕ್ಯಾನರ್ ಕೊಂಡಿದ್ದನಂತೆ. ಚಿತ್ರವೆಲ್ಲ ಮಸುಕು.

"ನಿನ್ನ ಮೆಟ್ಟಿಲು ಹತ್ತೋ ಆಸೆ ನಂಗೇನಿಲ್ಲ," ಎಂದ.

"ಹತ್ತಿ ಆಯ್ತಲ್ಲ, ಚಪ್ಪಲಿ ಹೊರಗೆ ಬಿಡು. ಆ ತೆಳು ಮಿಷಿನ್ನಿಗೆ ಗಾಜಿಗೆ ಅಂಟಿದ್ದು ಮಾತ್ರ ಕಾಣೋದು. ನಾಣ್ಯಕ್ಕೆ ಅಂಚಿದೆ, ಮುಖ ಗಾಜಿಂದ ಕೂದಲೆಳೆಯಷ್ಟು ಮೇಲೆ ನಿಲ್ಲುತ್ತೆ. ನನ್ನ ಹಳೇದಕ್ಕೆ ಅದೂ ಕಾಣುತ್ತೆ."

ಅಚ್ಚುಕೂಟ ಮುಚ್ಚಿದಾಗ ಹೊತ್ತು ತಂದಿದ್ದ ಹಳೆಯ ದಪ್ಪ ಸ್ಕ್ಯಾನರಿನ ಗಾಜು ಒರೆಸಿದಳು. ನಾಣ್ಯವನ್ನು ಮೆಲ್ಲಗೆ ಇಟ್ಟು, ಮುಚ್ಚಳ ತೆರೆದೇ ಬಿಟ್ಟು, ಒಳಗೆ ಕಪ್ಪು ಬಟ್ಟೆ ಅಂಟಿಸಿದ ರಟ್ಟಿನ ಡಬ್ಬವನ್ನು ಮೇಲೆ ಕವುಚಿದಳು. ತಮ್ಮ ಎದುರು ಕುಳಿತು ಅವಳ ಕೈಯನ್ನೇ ನೋಡುತ್ತಿದ್ದ.

"ಯಾಕೋ ಹಂಗೆ ಕಣ್ಣು ಬಿಡ್ತೀಯಾ? ನುಂಗಿಬಿಡ್ತೀನಾ?"

"ಯಾರಿಗೆ ಗೊತ್ತು."

ಸ್ಕ್ಯಾನರಿನ ದೀಪ ಬೆಳಕು ಚೆಲ್ಲುವುದು ಒಂದೇ ಬದಿಯಿಂದ. ಹಾಗಾಗಿ ಮೊದಲ ಸಲ ನಾಣ್ಯದ ಮೇಲಿದ್ದ ರಾಜನ ಮುಖ ಸಪಾಟಾಗಿ ಬಂತು. ಅಕ್ಕ ನಾಣ್ಯವನ್ನು ತುಸು ತಿರುಗಿಸಿ ಮತ್ತೆ ಇಟ್ಟಳು. ಮೂಗು, ಕೆನ್ನೆ ಎದ್ದು ನಿಂತವು. ತಮ್ಮನಿಗೂ ಬೆರಗಾಯಿತು, ಮುಂದಿನ ನಾಣ್ಯ ತೆಗೆದು ಅವಳತ್ತ ತಳ್ಳಿದ.

ಹಾಗೇ ಸಾಗುತ್ತ ಹಡಗಿನ ಚಿತ್ರವಿದ್ದ ಬೆಳ್ಳಿ ನಾಣ್ಯದ ಸರದಿ ಬಂತು. ಅಪ್ಪನ ಜೀವ ಅದು. ಅದರ ಮೇಲಿನ ನೀಲಿಗಪ್ಪು ಹೊಳಪು ಕೆಡದಿರಲೆಂದು ಅಂಚು ಬಿಟ್ಟು ಬೇರೆಡೆ ಬೆರಳು ತಾಗಿಸುತ್ತಿರಲಿಲ್ಲ. ಈಗ ಪರದೆಯ ಮೇಲೆ ಅದು ಸುಣ್ಣದಂತೆ ಬೆಳ್ಳಗಿತ್ತು, ಮೈತುಂಬ ಗೀರು.

"ಏನೋ ಮಾಡ್ದೆ ಇದಕ್ಕೆ?"

"ಕಪ್ಪಗಿತ್ತು. ಪಾತ್ರೆ ಪುಡಿ ಹಾಕಿ ಉಜ್ಜಿದೆ. ಫಳಫಳ ಅನ್ನಲ್ವಾ?"

"ಆ ಬಣ್ಣ ಕೂರೋಕೆ ಎಷ್ಟು ತಲೆಮಾರು ಹಿಡೀತೋ ಮುಠ್ಠಾಳ! ಇದೇನಾ ನಿನ್ನ ಜೋಪಾನ?"

ಅವನು ಪರದೆಯತ್ತ ಬಗ್ಗಿದ. ಮುಖ ಪೆಚ್ಚಾಯಿತು. "ಗೀರು ಕಾಣ್ದಂಗೆ ಸ್ವಲ್ಪ ತಿರುಗ್ಸು."

ತಿರುಗಿಸಿದರೆ ಮುಚ್ಚಿಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ತಿರುಗಿಸಿದಳು, ಬೇಕೆಂದೇ ಇನ್ನೊಂದು ಕಡೆಗೆ. ಒಂದೊಂದು ಗೀರೂ ಉತ್ತ ಸಾಲಿನಂತೆ ಎದ್ದಿತು. ಅದನ್ನೂ ಸೇರಿಸಿ ಎಲ್ಲ ಚಿತ್ರಗಳನ್ನು ಪೆನ್‌ಡ್ರೈವಿಗೆ ತುಂಬಿ ಮೇಜಿನ ಮೇಲೆ ಎಸೆದಳು. ತಮ್ಮ ಅದನ್ನೂ ಡಬ್ಬಿಯನ್ನೂ ಬಾಚಿಕೊಂಡು, ಬಾಗಿಲು ದಢಾರೆಂದು ಎಳೆದುಕೊಂಡು ಹೋದ.

ಆಲ್ಬಮ್ ಬಂತು, ಹಡಗಿನ ನಾಣ್ಯ ಅದರಲ್ಲಿರಲಿಲ್ಲ. ಅಕ್ಕ ತನ್ನ ಬಳಿಯಿದ್ದ ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿಸಿ, ಕಟ್ಟು ಹಾಕಿಸಿ, ಒಳಬಂದವರ ಕಣ್ಣಿಗೆ ಮೊದಲು ಬೀಳುವಂತೆ ಗೋಡೆಗೆ ತೂಗುಹಾಕಿದಳು.

"ಇದೇನೇ ಬರೀ ಗೀರು?" ಎಂದು ಸೋದರತ್ತೆ ಕೇಳಿದಳು.

"ನನ್ನ ತಮ್ಮನ ಕೈಕೆಲಸ."

"ಒಡಹುಟ್ಟಿದವನ ಮೇಲೆ ಇಷ್ಟು ಹಟವೇನೇ?"

"ಅತ್ತೆ, ನೀವು ಕಾಫಿಗೆ ಬಂದ್ರೋ, ಬುದ್ಧಿ ಹೇಳೋಕೆ ಬಂದ್ರೋ?"

ಅತ್ತೆ ಕಾಫಿ ಕುಡಿಯದೆ ಎದ್ದು ಹೋದಳು.