ಜಪದ ಮೊದಲರ್ಧ

ನನಗೆ ಜಪ ಅರ್ಧ ಮಾತ್ರ ಬರುತ್ತಿತ್ತು. ಹೀಗೆಂದರೆ ಈಗಿನ ಮಕ್ಕಳು ನಗುತ್ತಾರೆ. ನಗಲಿ, ನನಗೇನು. ಜಪಸರ ಹೇಳುವ ಮನೆಗಳಲ್ಲಿ ಒಂದು ಪದ್ಧತಿ ಇದೆ. ಒಬ್ಬರು ಮುಂದೆ ನಿಂತು ಪ್ರತಿ ಮಣಿಗೂ ಜಪದ ಮೊದಲರ್ಧ ಹೇಳಬೇಕು, ಉಳಿದವರೆಲ್ಲ ಒಟ್ಟಾಗಿ ಉಳಿದರ್ಧ ಹೇಳಿ ಮುಗಿಸಬೇಕು. ‘ನಮೋ ಮರಿಯಾ’ ಎಂದು ಶುರುವಾಗುವ ಭಾಗ ಮುಂದೆ ನಿಂತವರದು. ಪಾಪಿಗಳಾದ ನಮಗಾಗಿ ಈಗಲೂ, ನಾವು ಸಾಯುವ ಗಳಿಗೆಯಲ್ಲೂ ದೇವರನ್ನು ಬೇಡು ಎನ್ನುವ ಭಾಗ ಉತ್ತರ ಕೊಡುವವರದು. ನಮ್ಮ ಮನೆಯಲ್ಲಿ ಮುಂದೆ ನಿಲ್ಲುವವರು ನಮ್ಮತ್ತೆ. ಅವರ ಉಪ್ಪಿನಕಾಯಿ ಜಾಡಿಗೆ ಬೇರೆಯವರು ಕೈ ಹಾಕುವಂತಿರಲಿಲ್ಲ, ಆ ಜಾಗಕ್ಕೂ ಅಷ್ಟೇ.

ದಸರೆಯ ಅಂಬಾರಿಯಲ್ಲಿ ಇನ್ನೂ ಮಹಾರಾಜರೇ ಕೂರುತ್ತಿದ್ದ ಕಾಲ ಅದು. ನಾನು ಹುಟ್ಟಿದ್ದು ಹಿನಕಲ್ಲಿನ ಒಕ್ಕಲಿನ ಮನೆಯಲ್ಲಿ. ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ ಕ್ರೈಸ್ತರ ಹುಡುಗನನ್ನು ಮೆಚ್ಚಿ ಮದುವೆಯಾದೆ. ಹೇಗೆ ಮೆಚ್ಚಿದೆ ಎನ್ನುವುದು ಬೇರೆ ಕತೆ, ಇಲ್ಲಿ ಬೇಡ. ನಮ್ಮಪ್ಪ ‘ಇವತ್ತಿಗೆ ನೀನು ಸತ್ತೆ’ ಅಂದು ಬಾಗಿಲು ಹಾಕಿಕೊಂಡ. ಊರೇನು ದೂರವೇ? ಬೆಳಿಗ್ಗೆ ಮೊಸರು ಹೊತ್ತು ಹೊರಟರೆ ಬಿಸಿಲೇರುವ ಮುಂಚೆ ಮೈಸೂರು ಸೇರಬಹುದು. ಆದರೂ ಅಲ್ಲಿಂದ ಒಂದು ನರಪಿಳ್ಳೆಯೂ ನನ್ನನ್ನು ನೋಡಲು ಬರಲಿಲ್ಲ.

ಮದುವೆಗೆ ಮುಂಚೆ ನಾನು ಜ್ಞಾನಸ್ನಾನ ಪಡೆದು ಕ್ರೈಸ್ತಳಾಗಬೇಕಿತ್ತು. ಅದಕ್ಕೂ ಮುಂಚೆ ನಾನು ಜಪ ತಪ ಎಲ್ಲ ಕಲಿಯಬೇಕಿತ್ತು. ಕಲಿಸಬೇಕಾಗಿದ್ದ ಉಪದೇಶಿಯವರು ಚಳಿಜ್ವರ ಬಂದು ಮಲಗಿಬಿಟ್ಟಿದ್ದರು. ನಮ್ಮತ್ತೆ ಚರ್ಚಿನ ಸ್ವಾಮಿಗಳ ಮುಂದೆ ನಿಂತು, "ಈ ಹುಡ್ಗೀನ ನಂಗ್ ಬುಡಿ ಸ್ವಾಮಿ. ನನ್ ಸೊಸೆ, ನಾನೇ ಕಲಿಸ್ಕೋತೀನಿ" ಅಂದರು. ಸ್ವಾಮಿಗಳು ಒಪ್ಪಿದರು. ಜ್ಞಾನಸ್ನಾನದ ದಿನ ಜ್ಞಾನತಾಯಿಯಾಗಿ ನನ್ನ ಪಕ್ಕದಲ್ಲಿ ನಿಂತವರೂ ನಮ್ಮತ್ತೆಯೇ. ಹೀಗಾಗಿ ನನಗೆ ತಾಯಿ, ಅತ್ತೆ, ಗುರು ಮೂರೂ ಒಬ್ಬರೇ ಆದರು. ಒಂದೇ ಗೂಟಕ್ಕೆ ಕಟ್ಟಿದ ಕರುವಿನ ಹಾಗೆ ಆ ಮನೆಯಲ್ಲಿ ನಾನು ಬೆಳೆದೆ.

ಕಲಿಸಿದರೋ? ಕಲಿಸಿದರು, ಅವರ ರೀತಿಯಲ್ಲಿ. ಸಂಜೆ ದೀಪ ಹಚ್ಚಿ ಗೂಡಿನಲ್ಲಿದ್ದ ಮಾತೆಯ ಪಟದ ಮುಂದೆ ಮೊಣಕಾಲೂರಿ ಅವರು ಮೊದಲರ್ಧ ಹೇಳುವರು, ನಾನೂ ನಮ್ಮ ಯಜಮಾನರೂ ಉತ್ತರ ಹೇಳುವೆವು. ಅವರ ಜಪದಲ್ಲಿ ಮನೆಯ ಕೆಲಸವೂ ಸೇರಿಕೊಂಡಿರುತ್ತಿತ್ತು. ಮೂರು ಮಣಿ ಸರಿಯಾಗಿ ಹೋದರೆ ನಾಲ್ಕನೆಯದರ ನಡುವೆ, ಸ್ವರ ಒಂದಿಷ್ಟೂ ಬದಲಾಗದೆ, ‘ಒಲೆ ನೋಡೇ’ ಬರುತ್ತಿತ್ತು. ನಾನು ಎದ್ದು ಓಡಿ ಸೌದೆ ಹಿಂದಕ್ಕೆಳೆದು ಬರುವಷ್ಟರಲ್ಲಿ ನನ್ನ ಉತ್ತರಕ್ಕೆ ಕಾಯುತ್ತಾ ಕೂತಿರುವರು. ಮನೆಯಲ್ಲಿದ್ದ ಒಂದೇ ಜಪದ ಪುಸ್ತಕವನ್ನು ಮಾವನವರ ಎದೆಯ ಮೇಲಿಟ್ಟು ಮಣ್ಣು ಮಾಡಿದ್ದರಂತೆ. ಹೊಸದು ತರೋಣ ಅಂದರೆ, "ಯಾತಕ್ಕೆ? ನಾನಿಲ್ವಾ?" ಅನ್ನುತ್ತಿದ್ದರು.

ಒಮ್ಮೆ ಧೈರ್ಯ ಮಾಡಿ ಕೇಳಿದೆ. "ಅತ್ತೆ, ಇವತ್ತೊಂದಿನ ಮೊದಲಿಂದು ನಾನು ಹೇಳ್ಲಾ?"

"ಯಾಕೆ, ನಾನು ಸತ್ತೋದ್ನಾ?"

ಅಲ್ಲಿಗೆ ಮುಗಿಯಿತು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ನನ್ನ ಕಾಲ ಬಂದಾಗ ನೋಡಿಕೊಂಡರಾಯಿತು ಅಂತ ನಾನೂ ಬಿಟ್ಟೆ. ಬೇರೆಯವರ ನಾಲಿಗೆ ಮೇಲೆ ನನ್ನ ಭಕ್ತಿ ಸುಖವಾಗಿ ಸವಾರಿ ಮಾಡುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಅದು ಹಾಯಾಗಿಯೂ ಇತ್ತು.

ಸಾಯುವವರ ಬಳಿ ಕೂತು ಜಪ ಹೇಳುವುದು ನಮ್ಮತ್ತೆಯ ಸೇವೆ. ಮೈಸೂರಿನ ಯಾವ ಮೂಲೆಯ ಕ್ರೈಸ್ತರ ಮನೆಯಲ್ಲಿ ಯಾರಿಗೆ ಮೇಲುಸಿರು ಹತ್ತಿದರೂ ಇವರಿಗೆ ಕರೆ ಬರುತ್ತಿತ್ತು. ಉತ್ತರ ಹೇಳಲು ಒಬ್ಬರು ಬೇಕಲ್ಲ, ನನ್ನನ್ನು ಎಳೆದುಕೊಂಡು ಹೋಗುವರು. ಸಾಯುವವರ ಕಿವಿಯ ಹತ್ತಿರ ಬಾಯಿಟ್ಟು ಹೇಳಲು ಶುರು ಮಾಡಿದರೆ ಉಸಿರು ನಿಲ್ಲುವವರೆಗೆ ನಿಲ್ಲಿಸುತ್ತಿರಲಿಲ್ಲ. ಬರುವಾಗ ದಾರಿಯಲ್ಲಿ ಪ್ರತಿ ಸಲವೂ ಅದೇ ಮಾತು. "ಕಣ್ಣು ಹೋದ್ಮೇಲೂ ಕಿವಿ ಇರ್ತದೆ ಕಣೇ. ಯಾರ್ನೂ ಸುಮ್ಕೆ ಕಳಿಸ್ಬಾರ್ದು. ನಂಗೂ ಅಷ್ಟೇ, ನೀನು ಹೇಳ್ಬೇಕು. ಸುಮ್ಕೆ ಕಳಿಸ್ಬುಟ್ಟೀಯ."

"ಹೇಳ್ತೀನಿ ಅತ್ತೆ" ಅಂದಿದ್ದೆ. ಎಷ್ಟೋ ಸಲ ಅಂದಿದ್ದೆ.

ಕೆಸರೆಗೆ ಹೋಗುವ ದಾರಿಯಲ್ಲಿ ಒಂದು ವಠಾರದಲ್ಲಿ ನಮ್ಮ ಮನೆ. ಅಲ್ಲಿ ಕ್ರೈಸ್ತರೆಂದರೆ ನಾವೊಬ್ಬರೇ. ಮನೆ ಮನೆಯ ನಡುವಿನ ಗೋಡೆಗಳು ಸೂರಿನವರೆಗೆ ಇರಲಿಲ್ಲ, ಹೆಂಚಿಗೆ ಒಂದಾಳು ತೂರುವಷ್ಟು ಕೆಳಗೇ ನಿಂತುಬಿಟ್ಟಿದ್ದವು. ಈ ಮನೆಯ ಕೆಮ್ಮು, ಜಗಳ, ಒಗ್ಗರಣೆ ಎಲ್ಲ ಆ ಮನೆಗೆ. ಪಕ್ಕದ ಮನೆಯಲ್ಲಿ ಟಾಂಗಾ ಹೊಡೆಯುವವರ ಹೆಂಡತಿ ಇದ್ದಳು, ಕೆಸರೆಯ ಒಕ್ಕಲಿನ ಮನೆಯ ಹೆಣ್ಣು. ನನಗಿಂತ ದೊಡ್ಡವಳು, ಅಕ್ಕ ಅನ್ನುತ್ತಿದ್ದೆ. ಬಾಯಿ ಜೋರು, ಕೈ ಧಾರಾಳ.

ಈ ಅಕ್ಕ ರಾಗಿ ಬೀಸುವಾಗ ಬೀಸುವ ಪದ ಹೇಳುವುದು ಬಿಟ್ಟು ನಮ್ಮತ್ತೆಯ ಜಪ ಹೇಳತೊಡಗಿದಳು. ಅದೇ ಎಳೆತ, ಅದೇ ಕೆಮ್ಮು, ನಡುವೆ ಅದೇ ‘ಒಲೆ ನೋಡೇ’. ಅವಳ ಅತ್ತಿಗೆ ನಾದಿನಿಯರು ಬಿದ್ದು ಬಿದ್ದು ನಗುವುದು ನಮಗೆ ಕೇಳುತ್ತಿತ್ತು. ನಮ್ಮತ್ತೆಗೆ ಕಿವಿ ಮಂದವಾಗಿದ್ದರಿಂದ ಗೊತ್ತಾಗಲಿಲ್ಲ, ಅದೇ ಪುಣ್ಯ. ನನಗೆ ಮಾತ್ರ ಮೈ ಉರಿದುಹೋಯಿತು. ನಲ್ಲಿಯ ಹತ್ತಿರ ಎಲ್ಲರ ಎದುರಿಗೇ ಅಕ್ಕನನ್ನು ಹಿಡಿದುಕೊಂಡೆ.

"ನಮ್ಮ ದೇವರ ಜಪ ಆಡ್ಕೊಳ್ಳೋಕೆ ಇರೋದಾ ನಿಮಗೆ?"

"ಆಡ್ಕೊಂಡಿಲ್ಲ ಕಣವ್ವ. ದಿನಾ ಕಿವೀಗೆ ಬಿದ್ದದ್ದು ಬಾಯಿಗೆ ಬತ್ತದೆ, ಏನ್ಮಾಡ್ಲಿ?"

"ಬಾಯಿ ಮುಚ್ಕೊಂಡಿರಿ."

ಅವಳ ಮುಖ ಸಣ್ಣಗಾಯಿತು. ಕೊಡ ಎತ್ತಿಕೊಂಡು ಹೋದಳು. ಆಮೇಲೆ ನಾವು ಮಾತು ಬಿಟ್ಟೆವು. ಬೀಸುಕಲ್ಲಿನ ಸದ್ದು ಮಾತ್ರ ಬರುತ್ತಿತ್ತು, ಜಪ ಬರಲಿಲ್ಲ. ಗೆದ್ದೆ ಅಂದುಕೊಂಡೆ.

ಆ ವರ್ಷ ಬೇಸಿಗೆಗೆ ಮುಂಚೆಯೇ ನಮ್ಮತ್ತೆ ಹಾಸಿಗೆ ಹಿಡಿದರು. ಎದೆಯಲ್ಲಿ ನೀರು ತುಂಬಿದೆ ಅಂದರು ಡಾಕ್ಟರು. ಸ್ವಾಮಿಗಳು ಬಂದು ಎಣ್ಣೆ ಹಚ್ಚಿ ಕೊನೆಯ ಸಂಸ್ಕಾರ ಕೊಟ್ಟು ಹೋದರು. ಚರ್ಚಿನ ಹೆಂಗಸರು ಸರದಿಯ ಮೇಲೆ ಬಂದು ಕೂತು ಜಪ ಹೇಳಿದರು. ಒಂದು ಬೆಳಿಗ್ಗೆ ಅತ್ತೆ ಎದ್ದು ಕೂತು ಗಂಜಿ ಕುಡಿದು, ಗಂಜಿಗೆ ಉಪ್ಪು ಕಮ್ಮಿ ಅಂತ ನನ್ನನ್ನು ಬೈದರು. ಗಂಡಾಂತರ ಕಳೆಯಿತು ಎಂದು ಹೆಂಗಸರು ಮನೆಗಳಿಗೆ ಹೋದರು. ‘ಎಷ್ಟು ದಿನ ರಜ ಹಾಕ್ತೀಯ, ಹೋಗು’ ಎಂದು ಅತ್ತೆ ಮಗನನ್ನೂ ಕೆಲಸಕ್ಕೆ ಅಟ್ಟಿದರು. ಬೈಗುಳ ಕೇಳಿ ನನಗೂ ಜೀವ ಬಂದ ಹಾಗಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಮೇಲುಸಿರು ಹತ್ತಿತು.

ಎಷ್ಟೋ ಮನೆಗಳಲ್ಲಿ ಕೇಳಿದ್ದ ಸದ್ದು ಅದು, ಗುರುತು ಸಿಗದೆ ಇರುತ್ತದೆಯೇ? ಬಿಟ್ಟು ಹೋಗಿ ಯಾರನ್ನಾದರೂ ಕರೆಯೋಣವೆಂದರೆ ಅಷ್ಟರಲ್ಲಿ ಪ್ರಾಣ ಹೋದರೆ? ಇಲ್ಲೇ ಕೂತರೆ ಜಪ ಹೇಳುವವರು ಯಾರು? ಅತ್ತ ದರಿ ಇತ್ತ ಪುಲಿ. ಅತ್ತೆ ನನ್ನ ಕೈ ಹಿಡಿದಿದ್ದರು. ಮಾತು ನಿಂತಿತ್ತು, ಕಣ್ಣು ಮಾತ್ರ ನನ್ನ ಬಾಯಿಯನ್ನೇ ನೋಡುತ್ತಿತ್ತು. ಹೇಳು ಎನ್ನುವ ಹಾಗೆ ಒಮ್ಮೆ ಕೈ ಅದುಮಿದರು.

ಕಿವಿಯ ಹತ್ತಿರ ಬಗ್ಗಿದೆ. ‘ನಮೋ ಮರಿಯಾ’ ಅಂದೆ. ಮುಂದೆ ಬರಲಿಲ್ಲ.

ಬರಲಿಲ್ಲ ಅಂದರೆ ಬರಲೇ ಇಲ್ಲ. ಸಾವಿರಾರು ಸಲ ಕೇಳಿದ್ದೆ, ಕಿವಿಗೆ ಗೊತ್ತಿತ್ತು, ನಾಲಿಗೆಗೆ ಗೊತ್ತಿರಲಿಲ್ಲ. ನಾಲಿಗೆ ಅಭ್ಯಾಸದಂತೆ ಬೇರೆಯವರು ಹೇಳಿ ಮುಗಿಸಲಿ ಎಂದು ಕಾಯುತ್ತಿತ್ತು. ಮತ್ತೆ ಮೊದಲಿನಿಂದ ಶುರು ಮಾಡಿದೆ, ಅಲ್ಲೇ ನಿಂತಿತು. ಹಾಳಾಗಲಿ ಎಂದು ನನಗೆ ಬರುವ ಉತ್ತರವನ್ನೇ ಹೇಳಿದೆ, ಒಂದರ ಮೇಲೊಂದು ಹೇಳಿದೆ. ಅತ್ತೆ ತಲೆ ಅಲ್ಲಾಡಿಸಿದರು. ಕರೆ ಇಲ್ಲದೆ ಉತ್ತರ ಬಂದರೆ ಅವರು ಅದನ್ನು ಜಪವೆಂದು ಹೇಗೆ ಒಪ್ಪಿಯಾರು? ಮತ್ತೆ ಕೈ ಅದುಮಿದರು, ಈ ಸಲ ಮೊದಲಿನಷ್ಟು ಬಲ ಇರಲಿಲ್ಲ. ಕಣ್ಣಂಚಿನಿಂದ ನೀರು ಕಿವಿಯ ಕಡೆಗೆ ಇಳಿಯಿತು. ಅಯ್ಯೋ ದೇವರೇ, ಇವರನ್ನು ಸುಮ್ಮನೆ ಕಳಿಸುತ್ತಿದ್ದೇನಲ್ಲ. ಊರಿನವರನ್ನೆಲ್ಲ ದಾಟಿಸಿದವರು ನನ್ನಂಥ ದಂಡಪಿಂಡದ ಕೈಗೆ ಸಿಕ್ಕಿ ಮೂಕರ ಹಾಗೆ ಹೋಗುತ್ತಿದ್ದಾರಲ್ಲ. ಸ್ವಾಮಿಗಳ ಮೇಲೆ ಸಿಟ್ಟು ಬಂತು, ಪುಸ್ತಕವನ್ನು ಮಣ್ಣಿಗೆ ಹಾಕಿದ್ದರ ಮೇಲೆ ಸಿಟ್ಟು ಬಂತು, ಒಂದು ದಿನವಾದರೂ ಹೇಳಲು ಬಿಡದ ಈ ಮುದುಕಿಯ ಮೇಲೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂತು. ಸಾಯುತ್ತಿರುವವರ ಕೈ ಹಿಡಿದುಕೊಂಡು ಅವರನ್ನೇ ಬೈದೆ. "ಕಲಿಸ್ಬಾರ್ದಿತ್ತಾ ಅತ್ತೆ? ಈಗ ನಾನೇನು ಮಾಡ್ಲಿ?"

ಆಮೇಲೆ ಗೋಡೆಯ ಮೇಲಿನ ಸಂದಿಯ ಕಡೆ ತಿರುಗಿ, "ಅಕ್ಕಾ" ಎಂದು ಕೂಗಿದೆ. ಮಾತು ಬಿಟ್ಟಿದ್ದವಳು ಎನ್ನುವುದೆಲ್ಲ ಎಲ್ಲಿಯ ನೆನಪು.

ಕೈಯಲ್ಲಿ ರಾಗಿ ಹಿಟ್ಟು ಮೆತ್ತಿಕೊಂಡೇ ಬಂದಳು. ನೋಡಿದ್ದೇ ಅವಳಿಗೆ ಗೊತ್ತಾಯಿತು. ಬಾಗಿಲಿಗೆ ಹೋಗಿ ನಾದಿನಿಯನ್ನು ಕೂಗಿ, "ಟಾಂಗಾ ಸ್ಟ್ಯಾಂಡ್‌ಗೆ ಓಡು. ನಿಮ್ಮಣ್ಣಂಗೆ ಯೋಳು, ವರ್ಕ್‌ಶಾಪಿಂದ ಇವ್ಳ ಗಂಡನ್ನ ಕರ್ಕೊಂಡ್ ಬರ್ಲಿ" ಅಂದಳು. ಮತ್ತೆ ಬಂದು ಹೊಸ್ತಿಲ ಆಚೆಯೇ ನಿಂತಳು. ನಮ್ಮ ದೇವರ ಗೂಡಿದ್ದ ಕೋಣೆಗೆ ಅವಳು ಎಂದೂ ಕಾಲಿಟ್ಟವಳಲ್ಲ.

"ಯಾಕವ್ವ ಸುಮ್ಕೆ ಕುಂತಿದ್ದೀ? ಯೋಳು. ಆವಮ್ಮ ಕಾಯ್ತಾ ಅವ್ರೆ."

"ನಂಗೆ ಮೊದಲಿಂದು ಬರಲ್ಲ ಅಕ್ಕ. ಉತ್ರ ಮಾತ್ರ ಬರ್ತದೆ."

ಅವಳು ನನ್ನ ಮುಖ ನೋಡಿದಳು. ನಗಲಿಲ್ಲ. ನನ್ನನ್ನು ಒಂದು ಮಾತು ಆಡಬಹುದಾಗಿತ್ತು, ಆಡಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಬಂದು, ಹಾಸಿಗೆಯ ಆ ಪಕ್ಕ ಕೂತಳು.

"ನಾನ್ ಯೋಳ್ಬೋದಾ? ನಿಮ್ ದೇವ್ರು ಏನಾರ ಅಂದ್ಕಂಡ್ರೆ?"

"ಹೇಳಿ ಅಕ್ಕ. ನಿಮ್ಮ ಕಾಲಿಗೆ ಬೀಳ್ತೀನಿ, ಹೇಳಿ."

ಬಗ್ಗಿ ಅತ್ತೆಯ ಕಿವಿಯ ಹತ್ತಿರ ಶುರು ಮಾಡಿದಳು. ಒಂದಕ್ಷರ ತಪ್ಪಿಲ್ಲ. ಅದೇ ಎಳೆತ, ಅದೇ ಉಸಿರು ತೆಗೆದುಕೊಳ್ಳುವ ಜಾಗ. ಅವಳು ಅರ್ಧಕ್ಕೆ ನಿಲ್ಲಿಸಿದಳು, ನನ್ನ ಅರ್ಧ ತಾನಾಗಿ ಹೊರಗೆ ಬಂತು. ಅತ್ತೆ ಕಣ್ಣು ಅಗಲಿಸಿ ಅವಳ ಕಡೆ ನೋಡಿದರು. ತಮ್ಮದೇ ದನಿ ಬೇರೆ ಬಾಯಿಂದ ಬರುತ್ತಿರುವುದನ್ನು ಕೇಳಿ ಅವರಿಗೆ ಏನನ್ನಿಸಿತೋ ನನಗೆ ತಿಳಿಯದು. ಕೈ ಮಾತ್ರ ಸಡಿಲವಾಯಿತು.

ಎಷ್ಟು ಮಣಿ ಹೇಳಿದೆವೋ ಲೆಕ್ಕವಿಲ್ಲ, ಜಪಸರ ತೆಗೆದುಕೊಳ್ಳುವುದೂ ಮರೆತಿತ್ತು. ಒಮ್ಮೆ ನಡುವೆ ಅಕ್ಕನ ಬಾಯಿಂದ, ಸ್ವರ ಬದಲಾಗದೆ, ‘ಒಲೆ ನೋಡೇ’ ಬಂದುಬಿಟ್ಟಿತು. ಅವಳು ಬೇಕೆಂದು ಅಂದದ್ದಲ್ಲ, ಜಪದ ಜೊತೆ ಅದೂ ಬಾಯಿಪಾಠವಾಗಿತ್ತು. ನಾನು ಅಭ್ಯಾಸದ ಮೇಲೆ ಒಲೆಯ ಕಡೆ ತಿರುಗಿದೆ. ಅಕ್ಕ ನಾಲಿಗೆ ಕಚ್ಚಿಕೊಂಡಳು. ಮತ್ತೆ ಹಾಸಿಗೆ ನೋಡಿದರೆ ಅತ್ತೆಯ ತುಟಿ ಅಲುಗುತ್ತಿತ್ತು. ಬಗ್ಗಿ ಕೇಳಿದೆ. ಅವರು ಹೇಳುತ್ತಿದ್ದುದು ಮೊದಲರ್ಧವಲ್ಲ, ಉತ್ತರ. ಯಾವತ್ತೂ ಮುಂದೆ ನಿಂತವರು ಅವತ್ತು ನನ್ನ ಪಕ್ಕ ಸೇರಿ, ನನ್ನ ಅರ್ಧವನ್ನು ನನ್ನ ಜೊತೆ ಹೇಳುತ್ತಿದ್ದರು. ಅಕ್ಕ ಮುಂದೆ ಹೇಳಿದಳು, ನಾವಿಬ್ಬರೂ ಉತ್ತರ ಹೇಳಿದೆವು. ಆಮೇಲೆ ಒಂದು ಸಲ ಉತ್ತರ ಹೇಳುವಾಗ ನನ್ನ ದನಿ ಒಂದೇ ಕೇಳಿತು.

ಟಾಂಗಾ ಬಂದಾಗ ಇನ್ನೂ ಬಿಸಿಲಿತ್ತು. ಯಜಮಾನರು ಎಣ್ಣೆ ಕೈಯಲ್ಲೇ ಓಡಿ ಬಂದರು. ‘ಸುಮ್ಮನೆ ಹೋದರಾ?’ ಮೊದಲು ಕೇಳಿದ್ದು ಅದನ್ನೇ. ಇಲ್ಲ ಅಂದೆ. ಸಂಜೆಗೆ ಚರ್ಚಿನವರು ಬಂದು ಮನೆ ತುಂಬಿಕೊಂಡರು. ಅಕ್ಕ ಯಾವಾಗ ಎದ್ದು ಹೋದಳೋ ನಾನು ನೋಡಲಿಲ್ಲ.

ಮಣ್ಣು ಮಾಡಿದ ಮಾರನೆಯ ದಿನ ನಂಟರೆಲ್ಲ ಹೋದರು. ಸಂಜೆ ದೀಪ ಹಚ್ಚಿ ನಾವಿಬ್ಬರೂ ಗೂಡಿನ ಮುಂದೆ ಮೊಣಕಾಲೂರಿದೆವು. ಯಾರೂ ಶುರು ಮಾಡಲಿಲ್ಲ.

"ನೀನೇ ಹೇಳು" ಅಂದರು ಅವರು.

"ನಂಗೆ ಬರಲ್ಲ ರೀ. ನೀವು ಹುಟ್ದಾಗ್ನಿಂದ ಕೇಳಿದ್ದೀರಲ್ಲ, ನೀವು ಹೇಳಿ."

ಬಾಯಿ ತೆರೆದರು. ‘ನಮೋ ಮರಿಯಾ’ ಅಂದು ನಿಂತರು. ಮತ್ತೆ ಅಂದು ಮತ್ತೆ ನಿಂತರು. ಶವ ಇಳಿಸುವಾಗಲೂ ಗಟ್ಟಿಯಾಗಿದ್ದ ಮನುಷ್ಯ ಈಗ ಮುಖ ಮುಚ್ಚಿಕೊಂಡು ಬಿಕ್ಕಿದರು. ಎಂಥ ಮನೆ ಇದು, ಅನ್ನಿಸಿತು ನನಗೆ. ಅಪ್ಪನ ಮನೆಯ ದೇವರನ್ನು ಬಿಟ್ಟು ಬಂದೆ, ಇಲ್ಲಿಯ ದೇವರನ್ನು ಕರೆಯುವುದಕ್ಕೆ ಬಾರದು. ನಾಳೆಯೂ ಹೀಗೇ, ನಾಡಿದ್ದೂ ಹೀಗೇ. ಎದ್ದು ದೀಪ ಆರಿಸಿಬಿಡೋಣ ಎಂದು ಕೈ ಚಾಚಿದೆ.

ಗೋಡೆಯಾಚೆ ಬೀಸುಕಲ್ಲು ನಿಂತಿತು. ಅಕ್ಕನ ಕೆಮ್ಮು ಕೇಳಿಸಿತು. ಆಮೇಲೆ ಜಪದ ಮೊದಲರ್ಧ, ನಿಧಾನವಾಗಿ, ಗೋಡೆಯ ಮೇಲಿಂದ ಬಂತು.

ಚಾಚಿದ ಕೈ ಹಿಂದಕ್ಕೆ ತೆಗೆದೆ. ಇಬ್ಬರೂ ಉತ್ತರ ಹೇಳಿದೆವು. ಎರಡು ಆಯಿತು, ಮೂರು ಆಯಿತು. ನಾಲ್ಕನೆಯದರ ನಡುವೆ, ‘ಒಲೆ ನೋಡೇ’ ಬರುವ ಜಾಗದಲ್ಲಿ, ಅಕ್ಕ ನಿಲ್ಲಿಸಿದಳು. ಆ ಮಾತು ಹೇಳಲಿಲ್ಲ, ಅದಕ್ಕೆ ಹಿಡಿಯುವಷ್ಟು ಹೊತ್ತು ಸುಮ್ಮನಿದ್ದಳು.

ನಾನು ಎದ್ದು ಹೋಗಿ ಒಲೆ ನೋಡಿ ಬಂದೆ.